ಆ ಪದ್ಯಕ್ಕೆ ನಾನು ಹೇಳಿದ ಅರ್ಥ

ನೀಲಮ್ಮ, ನಿನ್ನನ್ನು ಗಂಡನ ಮನೆಗೆ ಮರಳಿ ಕಳಿಸಿದವನು ನಾನು. ನಿನ್ನ ಅಣ್ಣ ಬೇಡಿಕೊಂಡದ್ದು ನಿಜ — ಆದರೆ ಸುಳ್ಳು ಬಂದದ್ದು ನನ್ನ ಬಾಯಿಂದ.

ಶಹಾಪುರದ ನಮ್ಮ ಓಣಿಯ ಮಠದಲ್ಲಿ ಶ್ರಾವಣ ಪೂರ್ತಿ ಸಂಜೆ ಹೊತ್ತು ಪುರಾಣ ನಡೆಯುತ್ತದೆ. ವೀರಯ್ಯನವರು ಹಳೆಯ ಕನ್ನಡದ ಪದ್ಯ ಹಾಡುತ್ತಾರೆ, ನಾನು ಅದನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಬಿಡಿಸಿ ಹೇಳುತ್ತೇನೆ. ಕೂತವರಿಗೆ ಪದ್ಯ ತಿಳಿಯುವುದಿಲ್ಲ. ನಾನು ಹೇಳಿದ್ದೇ ಪುರಾಣ. ಅದರ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು.

ಆ ವರ್ಷ ನೀನು ಮೈಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದಿದ್ದೆ. ಗಂಡನ ಹೊಡೆತ ತಾಳದೆ ಮನೆ ಬಿಟ್ಟ ಹೆಣ್ಣಿನ ಕಥೆ ನಾಳೆ ಬರುತ್ತದೆ ಎಂದು ನಿನ್ನ ಅಣ್ಣನಿಗೆ ನಾನೇ ಹೇಳಿದ್ದೆ.

"ಸ್ವಲ್ಪ ತಿರುಗಿಸಿ ಹೇಳ್ರಿ ಮಾಸ್ತರ್ರ," ಅಂದ. "ನಮ್ಮ ಮಾತು ಕೇಳಂಗಿಲ್ಲ ಆಕಿ, ಪುರಾಣದ ಮಾತು ಕೇಳ್ತಾಳ."

ಒಂದು ಮನೆ ಉಳಿಸುತ್ತಿದ್ದೇನೆ ಅಂದುಕೊಂಡೆನೆ? ಅಂದುಕೊಂಡಿರಬಹುದು. ಮುರಿದದ್ದನ್ನು ಕೂಡಿಸಿದ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಆಸೆಯೇ ಹೆಚ್ಚಿತ್ತು.

ಪದ್ಯದಲ್ಲಿ ಗುರು, ತನ್ನ ಮಠಕ್ಕೆ ಆಸರೆ ಬೇಡಿ ಬಂದ ಆ ಹೆಣ್ಣಿಗೆ ಹೇಳುವುದು ಇಷ್ಟೇ — ತಿರುಗಿ ಹೋಗಬೇಡ ಮಗಳೇ, ಇಂದಿನಿಂದ ಇದೇ ನಿನ್ನ ಮನೆ. ನಾನು ಹೇಳಿದೆ — ತಾಳ್ಮೆಯಿಂದ ಗಂಡನ ಮನೆಗೆ ಹೋಗು ಎಂದು ಗುರುಗಳು ಹರಸಿದರು, ಅವಳು ಹೋದಳು, ಸಂಸಾರ ಬಂಗಾರವಾಯಿತು. ವೀರಯ್ಯನವರು ನನ್ನ ಮುಖ ನೋಡಿದರು. ಅದೇ ಪದ್ಯವನ್ನು ಇನ್ನೊಮ್ಮೆ ನಿಧಾನವಾಗಿ ಹಾಡಿದರು. ತಿದ್ದಿಕೊಳ್ಳಲು ಅವಕಾಶ ಕೊಟ್ಟರು ಅವರು, ಮತ್ತು ನಾನು... ಅದೇ ಸುಳ್ಳನ್ನು ಇನ್ನಷ್ಟು ಚಂದ ಮಾಡಿ ಹೇಳಿದೆ. ಹೆಂಗಸರು ಕಣ್ಣೊರೆಸಿಕೊಂಡರು.

ಮಂಗಳಾರತಿ ಆದ ಮೇಲೆ ನೀನು ಹತ್ತಿರ ಬಂದೆ. "ಖರೇನ ಹೊಳ್ಳಿ ಹೋದಳೇನ್ರಿ ಮಾಸ್ತರ್ರ?"

"ಹೌದವ್ವಾ. ಪುರಾಣದಾಗ ಹಂಗ ಅದ."

ಮರುದಿನ ನೀನು ಗಂಡನ ಊರಿಗೆ ಸುರಪುರದ ಬಸ್ಸು ಹತ್ತಿದೆ. ದೀಪಾವಳಿಗೆ ಮೊದಲೇ ನಿನ್ನನ್ನು ಅವರ ಹೊಲದ ಬಾವಿಯಿಂದ ಎತ್ತಿದರು. ಕಾಲು ಜಾರಿತು ಅಂದರು. ನಾನೂ ಹಾಗೆಯೇ ನಂಬಲು ನೋಡಿದೆ — ವರ್ಷಗಟ್ಟಲೆ ನೋಡಿದೆ — ಆಗಲಿಲ್ಲ.

ಈ ಶ್ರಾವಣದಲ್ಲಿ ಮಠದವರು ಮತ್ತೆ ಅದೇ ಪುರಾಣ ಹಚ್ಚಿದರು. ಆ ಪದ್ಯ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜನರೆಲ್ಲ ಎದ್ದು ಹೋದ ಮೇಲೂ ನಿನ್ನ ಅವ್ವ ಕಂಬಕ್ಕೆ ಒರಗಿ ಕೂತೇ ಇದ್ದಳು.

"ಆವಾಗ ಹಿಂಗ ಹೇಳಿದ್ದಿಲ್ಲಲ್ರಿ ಮಾಸ್ತರ್ರ."

"ಇಲ್ಲವ್ವಾ. ಆವಾಗ ಸುಳ್ಳ ಹೇಳೀನಿ."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ನೆಲ ನೋಡುತ್ತ ಅಂದಳು: "ಹೋಗಂಗಿಲ್ಲ ಅಂತ ಅಳಾಕತ್ತಿದ್ದಳ್ರಿ ಆಕಿ. ನಾನೇ ಅಂದೆ — ಪುರಾಣದಾಗ ಅದ, ಹೋಗವ್ವಾ ಅಂತ."

ನೀಲಮ್ಮ, ನನ್ನ ಸುಳ್ಳನ್ನು ನಿನ್ನ ಅವ್ವನ ಬಾಯಿಂದಲೂ ಆಡಿಸಿದ್ದೆ. ತಾನು ಹೇಳಿದ್ದು ಸುಳ್ಳೆಂದು ಇಷ್ಟು ವರ್ಷ ಅವಳಿಗೆ ಗೊತ್ತಿರಲಿಲ್ಲ. ಈಗ ನಿಜ ಹೇಳಿ ಅದನ್ನೂ ತಿಳಿಸಿಬಿಟ್ಟೆ.