ಐದನೇ ಏಟಿಗೆ ಗಟ್ಟಿಮೇಳ

ನನಗೆ ಸಾವಿರದ ಒಂಬೈನೂರ ಐವತ್ತೊಂಬತ್ತರ ಹುಚ್ಚು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ವರ್ಷ ಅದು. ಅಮೆರಿಕದ ಜಾಸ್ ಸಂಗೀತಗಾರರಿಗೆ ಆ ವರ್ಷ ಅದ್ಯಾವ ದೇವರು ಮೈಮೇಲೆ ಬಂದಿತ್ತೋ! ಒಬ್ಬರು ಕೆಲವೇ ಸ್ವರ ಹಿಡಿದು ನಮ್ಮ ರಾಗ ಹಾಡುವವರ ಹಾಗೆ ಅಲ್ಲೇ ಸುಳಿದಾಡಿದರು. ಇನ್ನೊಬ್ಬರು, ಎಲ್ಲರೂ ನಾಲ್ಕು ಎಣಿಸುತ್ತಿದ್ದಾಗ, ಐದು ಎಣಿಸಿದರು. ಮತ್ತೊಬ್ಬರು ಕಟ್ಟುಪಾಡನ್ನೇ ಗಾಳಿಗೆ ತೂರಿದರು.

ಹೊಸೂರಿನ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ನನಗೆ ಆ ಐದರ ಮೇಲೆ ಪ್ರಾಣ. ತಕಿಟ ತಕ, ತಕಿಟ ತಕ. ಬೆಂಡೆಕಾಯಿ ಹೆಚ್ಚುವಾಗಲೂ ಅದೇ.

ಹತ್ತಿರದ ತಳಿ ಎಂಬ ಊರಿನಲ್ಲಿ ಗುಲಾಬಿ ಬೆಳೆಯುವ ಹುಡುಗನ ಜೊತೆ ಮದುವೆ ಗೊತ್ತಾದಾಗ ಆ ಐದೇಟಿನ ಟ್ಯೂನನ್ನು ಅವನ ಫೋನಿಗೆ ಕಳಿಸಿದೆ. "ಚೆನ್ನಾಗಿದೆ" ಎಂದು ಉತ್ತರ ಬಂತು. ಅಷ್ಟೇ! ಉಪ್ಪಿಟ್ಟಿಗೂ ಇದೇ ಮಾತು ಹೇಳುತ್ತಾರಲ್ಲ. ಇದು ತಲೆಗೆ ಹತ್ತದವನ ಜೊತೆ ಬಾಳುವುದು ಹೇಗೆ?

"ತೋಟ ಐತೆ, ಗುಣ ಐತೆ. ಪಾಟು, ಹಾಡು ಕೇಳ್ದಿದ್ರೆ ನಿನ್ ಗಂಟೇನ್ ಹೋಯ್ತದಮ್ಮಿ?" ಎಂದಳು ಅಮ್ಮ.

ನಾನು ಬಿಡುವವಳೇ? ಮದುವೆಗೆ ಗೊತ್ತು ಮಾಡಿದ್ದ ಓಲಗದಲ್ಲಿ ಸ್ಯಾಕ್ಸೋಫೋನ್ ಊದುವವರನ್ನು ಹಿಡಿದು, ಟ್ಯೂನು ಕೇಳಿಸಿ, ಮುಹೂರ್ತಕ್ಕೆ ಮುಂಚೆ ನುಡಿಸಲು ಒಪ್ಪಿಸಿದೆ. ಆಗ ಹುಡುಗನ ಮುಖ ನೋಡಿದರೆ ಸಾಕು, ಎಲ್ಲ ಗೊತ್ತಾಗಿಬಿಡುತ್ತದೆ ಎಂದು ನನ್ನ ಎಣಿಕೆ.

ಮಂಟಪದಲ್ಲಿ ತಾಳಿ ಆಗಲೇ ಅವನ ಕೈಗೆ ಬಂದಿತ್ತು. ಸಭೆ ಅಕ್ಷತೆ ಹಿಡಿದು ಕಾಯುತ್ತಿತ್ತು. ಮಂಟಪದಿಂದ ಬೆರಳು ಮೇಲೆದ್ದರೆ ಓಲಗದವರು ಗಟ್ಟಿಮೇಳ ಬಾರಿಸಬೇಕು, ಜನ ಅಕ್ಷತೆ ಎರಚಬೇಕು, ವರ ತಾಳಿ ಕಟ್ಟಬೇಕು. ಬೆರಳೆತ್ತುವ ಕೆಲಸ ಪುರೋಹಿತರದು. ಅವರು ಗಡಿಯಾರ ನೋಡುತ್ತಾ ಕೂತಿದ್ದರು.

ಸ್ಯಾಕ್ಸೋಫೋನ್ ಶುರುವಾಯಿತು, ಡೋಲು ಸೇರಿಕೊಂಡಿತು. ಅಯ್ಯೋ, ಅದೇನು ಚೆಂದ! ಹುಡುಗನ ಮುಖ ನೋಡುವುದೇ ಮರೆತುಹೋಯಿತು. ಮೊಣಕಾಲಿನ ಮೇಲೆ ತಾಳ ಹಾಕುತ್ತಾ ಹಾಕುತ್ತಾ, ಐದನೇ ಏಟಿಗೆ ನನ್ನ ಬೆರಳು ತಾನಾಗಿ ಮೇಲೆದ್ದಿತು.

ಡಬಡಬಡಬ! ಡೋಲಿನವರು ಗಟ್ಟಿಮೇಳ ಎತ್ತಿಯೇಬಿಟ್ಟರು. ನಮ್ಮಿಬ್ಬರ ಮೇಲೆ ಅಕ್ಷತೆ ಸುರಿಯಿತು.

"ನಿಲ್ಸ್ರಪ್ಪಾ! ಲಗ್ನ ಇನ್ನೂ ಬಂದಿಲ್ಲ!" ಪುರೋಹಿತರು ಕೂಗಿಕೊಂಡರು.

ಹುಡುಗ ತಾಳಿ ಹಿಡಿದು ಕಣ್ಣು ಕಣ್ಣು ಬಿಡುತ್ತಿದ್ದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅದರ ಮೇಲೆ ತಡೆಯಲಾರದ ನಗು ಬೇರೆ.

ಅವನ ಅಜ್ಜಿ ಎದ್ದು ನಿಂತರು. "ಅಕ್ಷತೆ ಬಿದ್ಮೇಲೆ ಇನ್ಯಾವ ಲಗ್ನ ಕಾಯ್ತೀಯಲಾ? ಮದ್ಲಗಿತ್ತೀನೇ ಅವಸರ ಮಾಡ್ತಾವ್ಳೆ. ಕಟ್ಲಾ!"

ಕಟ್ಟಿದ. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಊಟ ಮುಗಿಸಿ ಕಾರಿನಲ್ಲಿ ತಳಿಗೆ ಹೊರಟೆವು. "ಕೋಪ ಬಂತಾ?" ಎಂದು ಮೆಲ್ಲಗೆ ಕೇಳಿದೆ. ಅವನು ಫೋನು ತೆಗೆದು ಅದೇ ಟ್ಯೂನು ಹಾಕಿದ.

"ತೋಟದಾಗೆ ದಿನಾ ಹಾಕ್ಕೊತೀನಿ. ಏನ್ ಬರೀಬೇಕೋ ತಿಳೀನಿಲ್ಲ, ಅದ್ಕೇ ಚೆನ್ನಾಗಿದೆ ಅಂದ್ಬುಟ್ಟೆ."

ಅವನ ಬೆರಳು ಮೊಣಕಾಲಿನ ಮೇಲೆ ಕುಣಿಯತೊಡಗಿತು. ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು. ಪ್ರತಿ ಸಲವೂ ಐದನೆಯದನ್ನು ನುಂಗಿಹಾಕುತ್ತಿದ್ದ.

ಶಾಲೆಯಲ್ಲಾಗಿದ್ದರೆ ಬೋರ್ಡಿನ ಹತ್ತಿರ ಕರೆಯುತ್ತಿದ್ದೆ. ಅವತ್ತು ತಿದ್ದಲಿಲ್ಲ. ಅವನ ತಪ್ಪಿನ ಜೊತೆಗೇ ತಾಳ ಹಾಕುತ್ತಾ ತಳಿ ಸೇರಿದೆ.