ಎಣ್ಣೆಶಾಸ್ತ್ರ ಮತ್ತು ಐಲೈನರ್

ನಂಜನಗೂಡಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಸರ್ವಮಂಗಳಾ ಬ್ಯೂಟಿ ಪಾರ್ಲರ್ ಇಟ್ಟ ಹೊಸತರಲ್ಲಿ, ಅಂದರೆ ತೊಂಬತ್ತೇಳರಲ್ಲಿ, ಊರಿನವರು ಅವಳಿಗೊಂದು ಹೆಸರಿಟ್ಟರು: ಮಸಿ ಮಂಗಳ. ಇಟ್ಟವರ ಬಾಯಿಗೆ ಅದೇ ಮಸಿ ಬಳಿಯಬೇಕಿತ್ತು ಅನ್ನಿ. ಆದರೆ ಹೆಸರು ಸುಮ್ಮಸುಮ್ಮನೆ ಬರಲಿಲ್ಲ.

ಮೈಸೂರಿನಲ್ಲಿ ಆರು ತಿಂಗಳು ಕೋರ್ಸ್ ಮಾಡಿ ಬಂದವಳು ಮನೆಯ ಮುಂದಿನ ಕೋಣೆಗೆ ಉದ್ದದ ಕನ್ನಡಿ ಹಾಕಿಸಿ, ಬಾಗಿಲ ಮೇಲೆ ಬೋರ್ಡು ಏರಿಸಿದ್ದಳು. ಗಂಡ ಅಮೃತೇಶ್ ಫ್ಯಾಕ್ಟರಿ ಕೆಲಸದವನು, ಹೆಂಡತಿ ಮಾಡಿದ್ದೇ ಸರಿ ಎನ್ನುವ ಸಾಧು. ಅತ್ತೆ ಚನ್ನಾಜಮ್ಮ ಮಾತ್ರ "ದೇವ್ರು ಕೊಟ್ಟ ಮೊಕಕ್ಕೆ ಇನ್ನೇನವ್ವ ಬಳೀತೀಯ?" ಎಂದು ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದರು.

ಅವಳಿಗೆ ಸಿಕ್ಕ ಮೊದಲ ಮದುವೆ ಬೀದಿ ಕೊನೆಯ ದೇವೀರಮ್ಮನ ಮಗಳು ಸುನೀತಾಳದ್ದು. ಸರ್ವಮಂಗಳಾ ಉಸಿರು ಬಿಗಿಹಿಡಿದು ಹುಡುಗಿಯ ಕಣ್ಣಿಗೆ ಐಲೈನರ್ ಎಳೆದಳು. ಹಸೆಮಣೆಗೆ ಹೋಗುವಾಗ ನೋಡಿದವರೆಲ್ಲ ಅಬ್ಬಬ್ಬಾ ಎಂದರು. ವಿಡಿಯೋದವನು ಆ ಸುಡುವ ಲೈಟು ಹಿಡಿದು ಅರ್ಧ ಗಂಟೆಯೂ ಆಗಿರಲಿಲ್ಲ, ಧಾರೆಯ ಹೊತ್ತಿಗೆ ಕಪ್ಪು ಜಾರಿ ಕೆನ್ನೆಗೆ ಬಂತು. ಒರೆಸಿದಷ್ಟೂ ಹರಡಿತು. "ಹೆಣ್ಣಿನ ಕಣ್ಗೆ ಯಾರ್ಲಾ ಗುದ್ದಿದ್ದು?" ಎಂದು ಊಟದ ಪಂಕ್ತಿಯಲ್ಲಿ ಯಾರೋ ಕೇಳಿದ್ದು ಸರ್ವಮಂಗಳಾಳ ಕಿವಿಗೇ ಬಿತ್ತು. ಬಡಿಸಿದ ಎಲೆ ಬಿಟ್ಟು ಎದ್ದು ಬಂದಳು.

ತಿಂಗಳಾದ ಮೇಲೆ ದೇವೀರಮ್ಮ ಮದುವೆ ಆಲ್ಬಂ ಹಿಡಿದು ಬಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಒಂದ್ ಫೋಟೋನೂ ಗ್ವಾಡೆಗೆ ಆಕಂಗಿಲ್ಲ ಕಣವ್ವ," ಎಂದಷ್ಟೇ ಹೇಳಿ ಹೊರಟುಹೋದರು. ಅವಮಾನಕ್ಕಿಂತ ಆ ತಾಯಿಯ ಸಂಕಟವೇ ಸರ್ವಮಂಗಳಾಳನ್ನು ಹೆಚ್ಚು ಸುಟ್ಟಿತು.

ಮತ್ತೆ ಯಾರೂ ಮದುವೆಗೆ ಕರೆಯಲಿಲ್ಲ. ಅವಳೂ ಬಿಡದೆ ಶೀಶೆ ಬದಲಿಸಿ ನೋಡಿದಳು. ತನ್ನ ಕಣ್ಣಿಗೇ ಗೆರೆ ಎಳೆದುಕೊಂಡು ಒಲೆ ಮುಂದೆ ಕೂತಳು, ಬಿಸಿಲಲ್ಲಿ ನಿಂತಳು, ಒಂದು ಬುಟ್ಟಿ ಈರುಳ್ಳಿ ಹೆಚ್ಚಿದಳು. ತಮಾಷೆ ನೋಡಿ, ಅವಳ ಕಣ್ಣಲ್ಲಿ ಗೆರೆ ಸಂಜೆಯವರೆಗೂ ಅಲ್ಲಾಡಲಿಲ್ಲ! ಹಾಗಾದರೆ ಸುನೀತಾಳ ಕಣ್ಣಲ್ಲಿ ಅದಕ್ಕೇನು ದಾಡಿ ಬಂದಿತ್ತು?

ಮರುವರ್ಷ ಟಿ. ನರಸೀಪುರದ ಶಿವಮಲ್ಲಪ್ಪ ಬಂದರು. ದೂರದ ನೆಂಟರು. ಮಗಳು ಅರ್ಪಿತಳ ಮದುವೆ ಬನ್ನೂರಿನ ಛತ್ರದಲ್ಲಿ, ಅಲಂಕಾರಕ್ಕೆ ಒಪ್ಪಿಕೊಂಡಿದ್ದ ಮೈಸೂರಿನವಳು ಕೈಕೊಟ್ಟಿದ್ದಳು. ಸರ್ವಮಂಗಳಾ ಆಗಲಿ ಎಂದಳು, ಆಮೇಲೆ ಗಂಡನಿಗೆ ಹೇಳಿದಳು: "ಇದೊಂದು ಕೆಟ್ರೆ ಬೋರ್ಡ್ ಇಳಿಸ್ಬಿಡ್ತೀನಿ ಕಣ್ರೀ. ಇನ್ನು ನನ್ ಕೈಲಾಗಲ್ಲ." ಒಳಗೆ ಅಕ್ಕಿ ಆರಿಸುತ್ತಿದ್ದ ಚನ್ನಾಜಮ್ಮ ಕೇಳಿಸಿಕೊಂಡರು.

ಮದುವೆಗೆ ವಾರವಿತ್ತು. ಚನ್ನಾಜಮ್ಮ ಅವತ್ತು ಎಣ್ಣೆ ನೀರು ಹಾಕಿಕೊಂಡು ಬಂದು ವಿಭೂತಿ ಧರಿಸಲು ಕೂತರು. ಮೊದಲು ಒಣ ವಿಭೂತಿಯನ್ನು ಹಣೆಗೆಲ್ಲ ತಿಕ್ಕಿ ಸೆರಗಿನಲ್ಲಿ ಒರೆಸಿದರು. ಆಮೇಲೆ ನೀರಲ್ಲಿ ಕಲಸಿ ಮೂರು ಬೆರಳಲ್ಲಿ ಎಳೆದರು.

"ಅದ್ಯಾಕತ್ತೆ ಎರಡೆರಡು ಸಲ?"

"ಎಣ್ಣೆ ನೀರಾದ್ ದಿನ ಹಣೇಲಿ ಜಿಡ್ಡಿರ್ತದೆ ಕಣೆ. ಹಂಗೇ ಇಟ್ರೆ ನಿಲ್ತದಾ? ಒಣ ವಿಭೂತೀಲಿ ಜಿಡ್ಡು ತೆಗೆದು ಇಟ್ಕೊಂಡ್ರೆ ಸಂಜೆಗಂಟ ಅಲ್ಲಾಡಕ್ಕಿಲ್ಲ."

ಸರ್ವಮಂಗಳಾ ಹಣೆ ಚಚ್ಚಿಕೊಂಡಳು. ಸುನೀತಾಳಿಗೆ ಅವತ್ತು ಬೆಳಿಗ್ಗೆ ಎಣ್ಣೆಶಾಸ್ತ್ರ ಆಗಿತ್ತಲ್ಲ! ಐವರು ಮುತ್ತೈದೆಯರು ತಲೆಗೆ ಹರಳೆಣ್ಣೆ ಒತ್ತಿ, ತಂಪಾಗಲಿ ಎಂದು ರೆಪ್ಪೆಗೂ ಸವರಿದ್ದರು. ಉರಿಯುತ್ತದೆಂದು ಸೀಗೆಪುಡಿಯನ್ನು ಕಣ್ಣಿನ ಹತ್ತಿರ ತಂದಿರಲಿಲ್ಲ. ಜಿಡ್ಡೆಲ್ಲ ರೆಪ್ಪೆಯ ಮೇಲೇ ಇತ್ತು. ಇವಳೋ, ಪಕ್ಕದಲ್ಲೇ ನಿಂತು ಸೋಬಾನೆ ಹೇಳುತ್ತಿದ್ದಳು! "ಅಯ್ಯೋ ನನ್ ಬುದ್ಧಿಗಿಷ್ಟು!" ಎಂದು ಅತ್ತೆಯನ್ನು ತಬ್ಬಿಕೊಂಡಳು. "ಪೂಜೆಗ್ ಕೂರ್ಬೇಕು, ಬಿಡೇ," ಎಂದು ಅತ್ತೆ ಕೊಸರಿಕೊಂಡರು.

ಬನ್ನೂರಿನಲ್ಲಿ ಶಾಸ್ತ್ರ ಬೇಡ ಎನ್ನಲು ಅವಳ್ಯಾರು? ಎಣ್ಣೆ ಒತ್ತಲು ಬಿಟ್ಟಳು. ಸ್ನಾನವಾದ ಮೇಲೆ ಅರ್ಪಿತಳನ್ನು ಕೂರಿಸಿ, ಮುಚ್ಚಿದ ರೆಪ್ಪೆಗಳನ್ನು ಕಡಲೆಹಿಟ್ಟಿನಲ್ಲಿ ಮೆಲ್ಲಗೆ ತೊಳೆದು, ಪೂರ್ತಿ ಒಣಗಿಸಿದಳು. ಪೌಡರ್ ಒತ್ತಿ, ಹೆಚ್ಚಾದದ್ದನ್ನು ಕೊಡವಿದಳು. ಆಮೇಲೆ ಕೂದಲಷ್ಟು ತೆಳ್ಳಗೆ ಒಂದು ಗೆರೆ. "ಕಣ್ ಬಿಡ್ಬೇಡ, ಐವತ್ತು ಎಣಿಸು." ಅದು ಆರಿದ ಮೇಲೆ ಅದರ ಮೇಲೇ ಇನ್ನೊಂದು. ಅಷ್ಟರಲ್ಲಿ ಸೋದರತ್ತೆಯೊಬ್ಬರು ಹರಳೆಣ್ಣೆ ಬಟ್ಟಲು ಹಿಡಿದು ಬಂದರು. "ರೆಪ್ಪೆಗೆ ಒಂಚೂರು, ತಂಪಿಗೆ..." ಸರ್ವಮಂಗಳಾ ಬಾಗಿಲಿಗೆ ಅಡ್ಡ ನಿಂತಳು. "ಅಂಗಾಲಿಗೆ ಎಷ್ಟಾದ್ರೂ ಹಚ್ಚಿ ಅಕ್ಕ, ಕಣ್ಣು ಮಾತ್ರ ಮುಟ್ಬೇಡಿ!"

ಧಾರೆಯಾಯಿತು, ಲೈಟು ಸುಟ್ಟಿತು, ಹುಡುಗಿ ಬೆವೆತಳು. ಗೆರೆ ನಿಂತಿತ್ತು. ಸಂಜೆ ನಾಲ್ಕಕ್ಕೆ ಹೆಣ್ಣು ಕಳಿಸುವಾಗ ಅರ್ಪಿತ ಅಪ್ಪನನ್ನು ತಬ್ಬಿ ಹೋ ಎಂದು ಅತ್ತಳು. ಸರ್ವಮಂಗಳಾ ಓಡಿ ಬಂದಳು. ಬಿಳಿ ಕರ್ಚೀಫು ಕೊಟ್ಟು, "ಒರೆಸ್ಬೇಡ ಮಗ, ಒತ್ಕೋ," ಎಂದಳು. ವಾಪಸ್ ಬಂದ ಕರ್ಚೀಫನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಒದ್ದೆಯಾಗಿತ್ತು, ಒಂದು ಚುಕ್ಕೆ ಕಪ್ಪಿರಲಿಲ್ಲ. ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಅವಳಿಗೂ ತಡೆಯಲಾರದ ಅಳು ಬಂತು. ಮದುಮಗಳು ಅಳುವಿನ ನಡುವೆಯೇ ನಕ್ಕಳು. "ಅಕ್ಕಾ, ನಿಮ್ ಕಣ್ ಕಪ್ಪೇ ಇಳೀತಾ ಇದೆ!" ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಸರ್ವಮಂಗಳಾ ಹಚ್ಚಿಕೊಂಡಿದ್ದು ಅತ್ತೆ ಹರಳೆಣ್ಣೆ ದೀಪದಲ್ಲಿ ಹಿಡಿದ ಮನೆಯ ಕಾಡಿಗೆ.

ಮನೆ ಬಾಗಿಲಲ್ಲಿ ಕಾಯುತ್ತಿದ್ದ ಚನ್ನಾಜಮ್ಮ ಸೊಸೆಯ ಕಪ್ಪು ಕೆನ್ನೆ ನೋಡಿ ಬಿಳಿಚಿಕೊಂಡರು. "ಇವತ್ತೂ ಹೋಯ್ತಾ ಮಗ? ಹೋದ್ರೆ ಹೋಗ್ಲಿ ಬಾ. ಬೋರ್ಡ್ ಮಾತ್ರ ಇಳಿಸ್ಬ್ಯಾಡ."

"ಇಲ್ಲತ್ತೆ, ಮದುಮಗಳದ್ದು ನಿಂತಿತ್ತು. ಇದು ನಂದು, ನಿಮ್ ಕಾಡಿಗೆ!"

"ಥೂ, ಜೀವಾನೇ ಹೋಗಿತ್ತಲ್ಲೇ!" ಎನ್ನುತ್ತ ಅತ್ತೆ ತಮ್ಮ ಸೆರಗಿನಲ್ಲೇ ಅವಳ ಕೆನ್ನೆ ಒರೆಸಿದರು.

ಬೋರ್ಡು ಇಳಿಯಲಿಲ್ಲ. ಎರಡು ಸಾವಿರದ ಮೂರರಲ್ಲಿ ದೇವೀರಮ್ಮ ತಾವಾಗಿಯೇ ಬಂದು ಎರಡನೇ ಮಗಳು ರಮ್ಯಳ ಮದುವೆಗೆ ಕರೆದರು. ಅವತ್ತು ಸರ್ವಮಂಗಳಾ ಮದುಮಗಳಿಗಿಂತ ಮೊದಲು ಅಕ್ಕ ಸುನೀತಾಳನ್ನು ಕೂರಿಸಿಕೊಂಡು ಕಣ್ಣಿಗೆ ಗೆರೆ ಎಳೆದಳು. ಸಂಜೆ ಅಕ್ಕತಂಗಿಯರಿಬ್ಬರೂ ನಿಂತು ತೆಗೆಸಿಕೊಂಡ ಫೋಟೋವನ್ನು ದೇವೀರಮ್ಮ ಕಟ್ಟು ಹಾಕಿಸಿ ಗೋಡೆಗೆ ಏರಿಸಿದರು.