ಯತಿರಾಜ್ ಹಾಕದ ರುಜು

ಯತಿರಾಜ್ ಆ ಕಚೇರಿಗೆ ಸೇರಿದ ಇಪ್ಪತ್ತೊಂದು ವರ್ಷಗಳಲ್ಲಿ ಅವನ ಮೇಲಿನ ಏಳು ಮಂದಿ ಅಧಿಕಾರಿಗಳು ಬಂದು ಹೋಗಿದ್ದರು. ಸಮುದ್ರದಾಚೆಯ ಒಂದು ದೇಶದ ರಾಯಭಾರ ಕಚೇರಿಗೆ ಸೇರಿದ ವಾಣಿಜ್ಯ ಶಾಖೆ ಅದು. ಬೆಂಗಳೂರಿನ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಅಧಿಕಾರಿಗಳೆಲ್ಲ ಆ ದೇಶದವರು, ಮೂರು ವರ್ಷಕ್ಕೊಮ್ಮೆ ಬದಲಾಗುವವರು. ಯತಿರಾಜ್ ಮಾತ್ರ ಇಲ್ಲಿಯವನು. ತಮಿಳುನಾಡಿನ ಗಡಿಯೂರು ಬೇರಿಕೆಯ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಕಲಿತವನು. ಹೊಸೂರಿನ ಕಾಲೇಜಿನಲ್ಲಿ ಇಂಗ್ಲಿಷನ್ನು ಹಟ ಹಿಡಿದು ಕಲಿತಿದ್ದ. ಆ ನಾಲ್ಕು ಭಾಷೆಗಳೇ ಅವನಿಗೆ ಕೆಲಸ ಕೊಡಿಸಿದ್ದವು.

ಕೆಲಸವೆಂದರೆ ಹೊಸದಾಗಿ ಬಂದ ಅಧಿಕಾರಿಯನ್ನು ಕೃಷ್ಣಗಿರಿ ಸೀಮೆಗೆ ಕರೆದುಕೊಂಡು ಹೋಗುವುದು. ಮಾವಿನ ತಿರುಳು ತೆಗೆದು ಡ್ರಮ್ಮಿಗೆ ತುಂಬುವ ಪಲ್ಪ್ ಫ್ಯಾಕ್ಟರಿಗಳು, ಬೇರಿಕೆಯ ಗುಲಾಬಿ ತೋಟಗಳು, ಎಲ್ಲವನ್ನೂ ತೋರಿಸಿ, ಇಲ್ಲಿಯವರು ಹೇಳಿದ್ದನ್ನು ಅವರಿಗೆ, ಅವರು ಕೇಳಿದ್ದನ್ನು ಇಲ್ಲಿಯವರಿಗೆ ತಿಳಿಸುವುದು. ಪ್ರತಿ ಸುಗ್ಗಿಯಲ್ಲೂ ಅಧಿಕಾರಿ ಕಣ್ಣಾರೆ ನೋಡಿ ವರದಿ ಬರೆದರೆ ಆ ದೇಶದ ಬಂದರಿನಲ್ಲಿ ಇಲ್ಲಿಯ ಸರಕನ್ನು ಯಾರೂ ತಡೆಯುತ್ತಿರಲಿಲ್ಲ. ವರದಿಯನ್ನು ಟೈಪ್ ಮಾಡುತ್ತಿದ್ದವನೂ ಯತಿರಾಜನೇ.

ಏಳನೆಯವಳು ಲೀನಾ ಎಂಬ ಹೆಂಗಸು. ಮೊದಲ ಸಲ ಕೃಷ್ಣಗಿರಿಯ ಮುರುಗೇಶ್ ಎಂಬವರ ಪಲ್ಪ್ ಫ್ಯಾಕ್ಟರಿಗೆ ಬಂದಾಗ ಮಾವಿನ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿ ಬಿದ್ದಿದ್ದಳು. ಹಣ್ಣು ಸಾಗುವ ಬೆಲ್ಟಿನ ಪಕ್ಕ ನಿಂತು ಹಣ್ಣು ಆರಿಸುತ್ತಿದ್ದ ಹೆಂಗಸರು ಮೊದಲು ಹೆದರಿ, ಆಮೇಲೆ ಅವಳೇ ನಕ್ಕಿದ್ದನ್ನು ನೋಡಿ ತಾವೂ ನಕ್ಕಿದ್ದರು. ಕೈ ಹಿಡಿದು ಎಬ್ಬಿಸಿದವಳು ಯತಿರಾಜನ ಅಕ್ಕ ಮಂಗಮ್ಮ. ಹನ್ನೆರಡು ಸುಗ್ಗಿಗಳಿಂದ ಮಂಗಮ್ಮ ಅಲ್ಲಿ ಕೆಲಸಕ್ಕಿದ್ದಳು. ಇಬ್ಬರೂ ಕೈ ಹಿಡಿದು ನಿಂತ ಫೋಟೋವನ್ನು ಮುರುಗೇಶ್ ಕಟ್ಟು ಹಾಕಿಸಿ ತಮ್ಮ ಆಫೀಸಿನ ಗೋಡೆಗೆ ನೇತುಹಾಕಿದ್ದರು. ಲೀನಾ ಮೂರು ಸುಗ್ಗಿಯೂ ಬಂದಳು, ಮೂರು ಸಲವೂ ವರದಿ ಬರೆದಳು.

ಆ ದೇಶದಲ್ಲಿ ಚುನಾವಣೆ ನಡೆದು ಹೊಸ ಸರ್ಕಾರ ಬಂತು. ಮೊದಲ ವಾರವೇ ಆದೇಶ ಹೊರಟಿತು: ಹಿಂದಿನ ಸರ್ಕಾರದ ಕಾಲದಲ್ಲಿ ಹೊರಗೆ ಹೋದ ಅಧಿಕಾರಿಗಳೆಲ್ಲ ಹತ್ತು ದಿನದೊಳಗೆ ವಾಪಸ್ಸು ಬರಬೇಕು. ಬೆಂಗಳೂರಿನ ಕಚೇರಿಯಲ್ಲಿದ್ದ ನಾಲ್ವರೂ ಪೆಟ್ಟಿಗೆ ಕಟ್ಟಿದರು. ಕೊನೆಯ ದಿನ ಲೀನಾ ಲಿಫ್ಟಿನ ಮುಂದೆ ನಿಂತು ಯತಿರಾಜನಿಗೆ ಮೆಲ್ಲಗೆ ಹೇಳಿದಳು.

"ನಾವು ಬರೆದ ವರದಿಗಳನ್ನೆಲ್ಲ ಅಲ್ಲಿ ಮತ್ತೆ ತೆಗೆದು ಓದುತ್ತಿದ್ದಾರೆ. ಒಳ್ಳೆಯ ಉದ್ದೇಶಕ್ಕಲ್ಲ. ನೀನು ಹುಷಾರಾಗಿರು."

ಯತಿರಾಜ್ ಅವಳ ಪೆಟ್ಟಿಗೆಯನ್ನು ಲಿಫ್ಟಿನೊಳಗಿಟ್ಟ. ಅಧಿಕಾರಿಗಳು ಹೋಗುವುದು ಅವನಿಗೆ ಹೊಸದಲ್ಲ. ಆದರೆ ಇಷ್ಟು ದಿನ ಒಬ್ಬರು ಹೋಗುವ ಮುಂಚೆ ಇನ್ನೊಬ್ಬರು ಬಂದು ಎರಡು ವಾರ ಜೊತೆಗೆ ಕೂತು ಕಡತ ನೋಡುತ್ತಿದ್ದರು. ಈ ಸಲ ಯಾರೂ ಬರಲಿಲ್ಲ. ಬಾಗಿಲುಗಳ ಮೇಲಿದ್ದ ಹೆಸರಿನ ಫಲಕಗಳನ್ನು ಬಿಚ್ಚಿಕೊಂಡು ಹೋದರು. ಬೀರುವಿನ ಕಡತಗಳು ಎರಡು ಪೆಟ್ಟಿಗೆಗಳಲ್ಲಿ ವಿಮಾನ ಹತ್ತಿದವು. ಆರು ವಾರ ಯತಿರಾಜ್ ದಿನವೂ ಹೊಸೂರಿನ ಮನೆಯಿಂದ ರೈಲಿನಲ್ಲಿ ಹೋಗಿ ಖಾಲಿ ಕೋಣೆಗಳ ನಡುವೆ ಕೂತು ಬಂದ. ಪಕ್ಕದ ಕೋಣೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿದರೆ ಏನು ಹೇಳುವುದೆಂದು ಗೊತ್ತಿರಲಿಲ್ಲ, ಹಾಗಾಗಿ ಎತ್ತಲಿಲ್ಲ.

ಮಾರ್ಚಿನಲ್ಲಿ ಒಬ್ಬ ಹಂಗಾಮಿ ಅಧಿಕಾರಿ ಬಂದ. ಇನ್ನೂ ಮೂವತ್ತು ದಾಟಿರದ, ಮೃದುವಾಗಿ ಮಾತಾಡುವ ಮನುಷ್ಯ. ಪ್ರತಿ ಮಾತಿಗೂ 'ದಯವಿಟ್ಟು' ಎನ್ನುತ್ತಿದ್ದ. ಯತಿರಾಜ್ ವಾಡಿಕೆಯಂತೆ ಹೋಗಿ, "ಮಾವಿನ ಸುಗ್ಗಿ ಹತ್ತಿರ ಬಂತು, ಕೃಷ್ಣಗಿರಿಗೆ ಯಾವಾಗ ಹೋಗೋಣ ಸಾರ್?" ಎಂದು ಕೇಳಿದ.

"ಹೋಗುವ ಅಗತ್ಯ ಇಲ್ಲ," ಎಂದ ಆತ. "ದಯವಿಟ್ಟು ಯಾರ ಫೋನಿಗೂ ಉತ್ತರ ಕೊಡಬೇಡಿ."

ಏಪ್ರಿಲ್ ಬರುವ ಹೊತ್ತಿಗೆ ಆ ದೇಶ ಇಲ್ಲಿಯ ಸರಕಿನ ಮೇಲೆ ಸುಂಕ ಏರಿಸಿತು. ಎರಡು ಸರ್ಕಾರಗಳ ನಡುವೆ ಮಾತು ಬಿರುಸಾಯಿತು. ಟಿವಿಯಲ್ಲಿ ದಿನವೂ ಅದೇ ಸುದ್ದಿ. ಮುರುಗೇಶ್ ನಾಲ್ಕು ಸಲ ಫೋನ್ ಮಾಡಿದರು, ಯತಿರಾಜ್ ಕಚೇರಿಯಲ್ಲಿ ಎತ್ತಲಿಲ್ಲ. ಭಾನುವಾರ ಬಸ್ಸು ಹತ್ತಿ ತಾನೇ ಕೃಷ್ಣಗಿರಿಗೆ ಹೋದ.

ರಸ್ತೆಯ ಎರಡೂ ಕಡೆ ತೋಪುಗಳಲ್ಲಿ ಗಿಣಿಮೂತಿ ಮಾವು ಗೊಂಚಲು ಗೊಂಚಲಾಗಿ ಜೋತು ಬಿದ್ದಿತ್ತು. ಅಂಥ ಫಸಲನ್ನು ಅವನು ಐದಾರು ವರ್ಷದಲ್ಲಿ ನೋಡಿರಲಿಲ್ಲ. ಇಷ್ಟು ಹಣ್ಣು ಎಲ್ಲಿಗೆ ಹೋಗಬೇಕು ಎಂದು ಲೆಕ್ಕ ಹಾಕುತ್ತಲೇ ಬಸ್ಸಿಳಿದು ಮುರುಗೇಶರ ಆಫೀಸಿಗೆ ನಡೆದ.

"ಸುಂಕ ಆದ್ರೆ ಸಮಾಳಿಸ್ತೀನಿ ಸಾರ್," ಎಂದರು ಮುರುಗೇಶ್. ಅವರ ಕನ್ನಡದಲ್ಲಿ ತಮಿಳು ಬೆರೆಯುತ್ತಿತ್ತು. "ಅದು ಎಲ್ಲಾರ್ಗೂ ಒಂದೇ. ನಂಗೆ ಭಯ ಆಗ್ತಿರೋದು ನಿಮ್ಮ ಆಫೀಸು. ಮೇಡಂಗೆ ಮೇಲ್ ಹಾಕಿದ್ರೆ ಏನ್ ಬಂತು ಗೊತ್ತಾ? ಈ ಅಧಿಕಾರಿ ಈಗ ಸೇವೆಯಲ್ಲಿ ಇಲ್ಲ, ಅಷ್ಟೇ. ಬೇರೆ ಯಾರ್ಗೆ ಬರೀಬೇಕು ಅಂತಾನೂ ಇಲ್ಲ. ಎನ್ನ ಸಾರ್ ಇದು?"

"ನಂಗೂ ಗೊತ್ತಿಲ್ಲ ಮುರುಗೇಶ್. ಈ ವರ್ಷ ಭೇಟಿ ಇಲ್ಲ ಅಂದವ್ರೆ."

ಮುರುಗೇಶ್ ಗೋಡೆಯ ಫೋಟೋ ಕಡೆ ಒಮ್ಮೆ ನೋಡಿದರು. "ಹೋದ ವರ್ಷದ ವರದಿ ಐತಲ್ಲ ಸಾರ್. ಅದ್ರ ಮೇಲೆ ಓಡ್ಸೋಣ," ಎಂದರು.

ಮೇ ಎರಡನೇ ವಾರ ಹಂಗಾಮಿ ಅಧಿಕಾರಿ ಯತಿರಾಜನನ್ನು ಒಳಗೆ ಕರೆದು ಕೂರಿಸಿ, ತಾನೇ ನೀರಿನ ಲೋಟ ಮುಂದಿಟ್ಟ. ಆಮೇಲೆ ಒಂದು ಕಾಗದ ತಳ್ಳಿದ. ಯತಿರಾಜ್ ಎರಡು ಸಲ ಓದಿದ. ಕಳೆದ ಮೂರು ಸುಗ್ಗಿಗಳಲ್ಲಿ ಈ ಕಚೇರಿಯಿಂದ ಕೃಷ್ಣಗಿರಿಯ ಫ್ಯಾಕ್ಟರಿಗಳಿಗೆ ತಪಾಸಣೆಯ ಭೇಟಿ ನಡೆದದ್ದು ತನಗೆ ತಿಳಿದಿಲ್ಲವೆಂದು ಸ್ಥಳೀಯ ನೌಕರನಾದ ಯತಿರಾಜ್ ಹೇಳುತ್ತಾನೆ ಎಂದು ಅದರಲ್ಲಿತ್ತು. ಕೆಳಗೆ ಅವನ ಹೆಸರು ಅಚ್ಚಾಗಿತ್ತು. ರುಜುವಿಗೆ ಜಾಗ ಬಿಟ್ಟಿತ್ತು. ಭೇಟಿಯೇ ನಡೆದಿಲ್ಲವೆಂದಾದರೆ ವರದಿಗಳು ಸುಳ್ಳಾಗುತ್ತವೆ, ಸರಕನ್ನು ಬಂದರಿನಲ್ಲಿ ತಡೆಯಬಹುದು.

"ಸಾರ್, ನಾನೇ ಜೊತೆಯಲ್ಲಿ ಹೋಗಿದ್ದೆ," ಎಂದ ಯತಿರಾಜ್. "ವರದಿ ಟೈಪ್ ಮಾಡಿದ್ದೂ ನಾನೇ."

"ಆ ವರದಿಗಳು ಈಗ ಕಡತದಲ್ಲಿ ಸಿಗುತ್ತಿಲ್ಲ."

"ಪೆಟ್ಟಿಗೆಯಲ್ಲಿ ನಿಮ್ಮ ಊರಿಗೇ ಹೋದವು."

"ಇರಬಹುದು." ಆತ ಕಿಟಕಿಯ ಕಡೆ ನೋಡಿದ. "ಈ ಶಾಖೆಯನ್ನು ಮುಚ್ಚುತ್ತಿದ್ದಾರೆ. ದೆಹಲಿಯಲ್ಲಿ ಒಂದು ಜಾಗ ಇದೆ. ನಿಮ್ಮ ಹೆಸರು ಸೂಚಿಸಲು ನನಗೆ ಸಂತೋಷ. ದಯವಿಟ್ಟು ನಾಳೆ ಹತ್ತು ಗಂಟೆಯೊಳಗೆ ಹೇಳಿ."

ಬೆದರಿಕೆಯ ಒಂದು ಪದವೂ ಇರಲಿಲ್ಲ. ಆದರೂ ರೈಲಿನಲ್ಲಿ ಯತಿರಾಜ್ ಆ ಕಾಗದದ ಸಾಲುಗಳನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಓದಿಕೊಂಡ. ಆನೇಕಲ್ ರೋಡ್ ಸ್ಟೇಷನ್ ಬಂದದ್ದೂ ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

ಹೆಂಡತಿ ಗಂಗಾದೇವಿ ಹುರುಳಿಕಾಯಿ ಬಿಡಿಸುತ್ತಾ ಎಲ್ಲವನ್ನೂ ಕೇಳಿದಳು.

"ನೀವು ರುಜು ಹಾಕ್ದಿದ್ರೆ ಅವ್ರು ಬುಟ್ಬುಡ್ತಾರಾ ಫ್ಯಾಕ್ಟ್ರಿಗಳ್ನ?"

"ಇಲ್ಲ. ಬೇರೆ ಏನಾದ್ರೂ ದಾರಿ ಹುಡುಕ್ತಾರೆ."

"ಹಂಗಾದ್ರೆ ನಿಮ್ ಕೆಲ್ಸಾನೂ ಹೋಯ್ತದೆ, ಅವ್ರದೂ ಹೋಯ್ತದೆ."

"ಹೂಂ."

ಅವಳು ಮೊರವನ್ನು ಪಕ್ಕಕ್ಕಿಟ್ಟಳು. "ಹೋದ್ರೆ ಹೋಗ್ಲಿ ಬುಡಿ. ಮಂಗಮ್ಮಕ್ಕನ ಮುಖ ಹೆಂಗೆ ನೋಡ್ತೀರ ಆಮೇಲೆ? ಆ ಹೆಂಗ್ಸು ಜಾರಿ ಬಿದ್ದಾಗ ಎಬ್ಬಿಸ್ದೋರೇ ಅವ್ರು. ಬಂದೇ ಇಲ್ಲ ಅಂತ ನೀವು ಬರ್ಕೊಡ್ತೀರಾ?"

ಮಾರನೆಯ ದಿನ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಯತಿರಾಜ್ ಆಗುವುದಿಲ್ಲವೆಂದು ಹೇಳಿದ. ಹಂಗಾಮಿ ಅಧಿಕಾರಿ ತಲೆಯಾಡಿಸಿ ಕಾಗದವನ್ನು ಡ್ರಾಯರಿನೊಳಗೆ ಹಾಕಿದ, ಕೋಪ ಮಾಡಿಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಯತಿರಾಜನ ಗುರುತಿನ ಚೀಟಿಗೆ ಬಾಗಿಲು ತೆರೆಯುವುದು ನಿಂತಿತು. ಚಹಾಕ್ಕೆ ಕೆಳಗಿಳಿದಿದ್ದವನು ಮತ್ತೆ ಒಳಗೆ ಹೋಗಲಾಗದೆ, ತನ್ನ ಊಟದ ಡಬ್ಬಿ ಮತ್ತು ಛತ್ರಿಯನ್ನು ಕಾವಲುಗಾರನ ಕೈಯಿಂದ ಹೊರಗೆ ತರಿಸಿಕೊಂಡ.

ಜೂನಿನ ನಡುವೆ ಆದೇಶ ಬಂತು. ಮುರುಗೇಶರ ಡ್ರಮ್ಮುಗಳನ್ನು ಅಲ್ಲಿಯ ಬಂದರಿನಲ್ಲಿ ತಡೆದಿಟ್ಟರು. ಇನ್ನೂ ಮೂರು ಫ್ಯಾಕ್ಟರಿಗಳಿಗೂ ಅದೇ ಗತಿ. ಇಲ್ಲಿ ಹಣ್ಣಿನ ಲಾರಿಗಳು ಫ್ಯಾಕ್ಟರಿಯ ಗೇಟಿನ ಮುಂದೆ ಸಾಲುಗಟ್ಟಿ ನಿಂತು, ಎರಡನೇ ದಿನ ಕೊಳೆತ ಮಾವಿನ ವಾಸನೆ ಹೆದ್ದಾರಿಯವರೆಗೂ ಹಬ್ಬಿತು. ನೂರೈವತ್ತು ಹೆಂಗಸರನ್ನು ಹೇಳಿಕಳಿಸುವ ತನಕ ಬರಬೇಡಿರೆಂದು ಮನೆಗೆ ಕಳಿಸಿದರು. ಅದರ ಜೊತೆಗೇ ಇನ್ನೊಂದು ಮಾತು ಹುಟ್ಟಿತು. ಎಲ್ಲಿ ಹುಟ್ಟಿತೋ ಯಾರಿಗೂ ಗೊತ್ತಿಲ್ಲ: ಆ ಯತಿರಾಜನೇ ಬರೆದುಕೊಟ್ಟನಂತೆ, ಅವನಿಗೆ ದೆಹಲಿಯಲ್ಲಿ ಕೆಲಸವಂತೆ.

ಮೂರನೇ ದಿನ ಮಂಗಮ್ಮ ಹೊಸೂರಿನ ಮನೆಗೆ ಬಂದಳು. ಚಪ್ಪಲಿ ಕಳಚಲಿಲ್ಲ, ಹೊಸ್ತಿಲಲ್ಲೇ ನಿಂತಳು.

"ಯತಿ, ದೇವ್ರಾಣೆಗೂ ಹೇಳ್ಲಾ. ರುಜು ಹಾಕ್ದ್ಯಾ?"

"ಇಲ್ಲಕ್ಕಾ."

"ನನ್ ಮುಖ ನೋಡ್ಕೊಂಡು ಹೇಳು."

"ಇಲ್ಲಕ್ಕಾ. ಹಾಕ್ದಿದ್ದಕ್ಕೇ ಕೆಲ್ಸ ಹೋಯ್ತು."

ಮಂಗಮ್ಮ ಅವನನ್ನೇ ದಿಟ್ಟಿಸಿ ನೋಡಿದಳು. "ಹಂಗಾದ್ರೆ ಇಲ್ಲಿ ಯಾಕ್ಲಾ ಬಚ್ಚಿಟ್ಕೊಂಡು ಕುಂತಿದ್ದೀಯ? ನಡಿ ನನ್ ಜೊತೆ. ಅಲ್ಲೇ ನಿಂತು ಹೇಳು. ನಾಲ್ಕ್ ಜನ ಉಗಿದ್ರೆ ಉಗೀಲಿ ಕಣ್ಲಾ."

ಫ್ಯಾಕ್ಟರಿಯ ಅಂಗಳದಲ್ಲಿ ಮುರುಗೇಶ್, ತೋಪಿನ ರೈತರು, ಕೆಲಸ ಹೋದ ಹೆಂಗಸರು ಸೇರಿದ್ದರು. ಯತಿರಾಜನನ್ನು ಕಂಡು ಒಬ್ಬರೂ ಮಾತಾಡಿಸಲಿಲ್ಲ. ಒಬ್ಬ ಮುದುಕ ಎದ್ದು ಬೆನ್ನು ತಿರುಗಿಸಿ ಕೂತ. ಮುರುಗೇಶ್ ತಲೆ ಎತ್ತದೆ ಕೇಳಿದರು. "ನೀವು ಹಾಕಿಲ್ಲ ಅನ್ನೋಕೆ ಏನಾದ್ರೂ ಕಾಗದ ಐತಾ ಸಾರ್?"

"ಹಾಕದ ರುಜುಗೆ ಕಾಗದ ಎಲ್ಲಿಂದ ತರ್ಲಿ ಮುರುಗೇಶ್?" ಎಂದ ಯತಿರಾಜ್. ಆಮೇಲೆ ಕೇಳಿದ. "ಆದೇಶ ನಿಮ್ಮ ಹತ್ರ ಐತಲ್ಲ, ಪೂರ್ತಿ ಓದಿದ್ರಾ?"

ಯಾರೂ ಓದಿರಲಿಲ್ಲ. ಹನ್ನೊಂದು ಪುಟಗಳ ಇಂಗ್ಲಿಷು. ಮೊದಲ ಪುಟದಲ್ಲಿ 'ತಡೆ' ಎಂದಿದ್ದನ್ನು ನೋಡಿ ಕೆಳಗಿಟ್ಟಿದ್ದರು. ಯತಿರಾಜ್ ಅಂಗಳದಲ್ಲೇ ನಿಂತು, ಇಪ್ಪತ್ತೊಂದು ವರ್ಷ ಮಾಡಿದ ಕೆಲಸವನ್ನೇ ಮಾಡಿದ. ಒಂದೊಂದು ಸಾಲನ್ನೂ ತಮಿಳಿನಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಹೇಳಿದ. ಭೇಟಿ ನಡೆದದ್ದಕ್ಕೆ ಕಡತದಲ್ಲಿ ದಾಖಲೆ ಇಲ್ಲ. ಸ್ಥಳೀಯ ನೌಕರನ ಹೇಳಿಕೆ ಪಡೆಯಲು ಪ್ರಯತ್ನಿಸಲಾಯಿತು, ಸಿಗಲಿಲ್ಲ ಎಂದು ನಾಲ್ಕನೇ ಪುಟದಲ್ಲಿತ್ತು. ಮುರುಗೇಶ್ ಆ ಸಾಲನ್ನು ಮತ್ತೊಮ್ಮೆ ಓದಿಸಿದರು. ಬೆರಳಿಟ್ಟು ತಾವೇ ನೋಡಿದರು.

"ಮನ್ನಿಚ್ಚಿಡುಂಗ ಸಾರ್," ಎಂದು ಕೈ ಮುಗಿದರು. ಕ್ಷಮೆ ಕೇಳಿದ ಆ ಮನುಷ್ಯನ ಕಣ್ಣು ತುಂಬಿತ್ತು. ಮಂಗಮ್ಮ ಮುಖ ತಿರುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಬೆನ್ನು ತಿರುಗಿಸಿದ್ದ ಮುದುಕ ಮಾತ್ರ ಹಾಗೆಯೇ ಕೂತಿದ್ದ.

ಯತಿರಾಜ್ ಓದುವುದನ್ನು ನಿಲ್ಲಿಸಿರಲಿಲ್ಲ. ಕೊನೆಯ ಪುಟದ ಹೊತ್ತಿಗೆ ಅವನ ದನಿ ನಿಧಾನವಾಯಿತು. ಮುಂದೆ ಮರುಪರಿಶೀಲಿಸಬೇಕಾದ ಸರಕುಗಳ ಪಟ್ಟಿ ಅಲ್ಲಿತ್ತು. ಮೊದಲ ಸಾಲು: ಹೊಸೂರು ಸೀಮೆಯ ಕತ್ತರಿಸಿದ ಹೂವು.

ಆ ಸುಗ್ಗಿಯಲ್ಲಿ ಫ್ಯಾಕ್ಟರಿ ಮತ್ತೆ ತೆರೆಯಲಿಲ್ಲ. ಮಂಗಮ್ಮ ಡೆಂಕಣಿಕೋಟೆಯ ಕಡೆ ಟೊಮೇಟೊ ಬಿಡಿಸುವ ಕೂಲಿಗೆ ಹೋದಳು. ಯತಿರಾಜನಿಗೆ ಕೃಷ್ಣಗಿರಿಯ ಒಬ್ಬ ವಕೀಲರ ಬಳಿ ಕಾಗದಪತ್ರ ಅನುವಾದಿಸುವ ಕೆಲಸ ಸಿಕ್ಕಿತು. ಮುರುಗೇಶರ ಮೇಲ್ಮನವಿಯನ್ನೂ ಅವನೇ ಬರೆದುಕೊಟ್ಟ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಬರೆಯಬೇಕಾದ ವಿಳಾಸವೇ ಎರಡು ಸಲ ಬದಲಾಯಿತು.

ಅದಕ್ಕೂ ಮೊದಲು, ಅಂಗಳದಲ್ಲಿ ಆದೇಶ ಓದಿದ ಮಾರನೆಯ ದಿನವೇ, ಅವನು ಬೇರಿಕೆಗೆ ಹೋಗಿದ್ದ. ಗುಲಾಬಿ ಬೆಳೆಯುವ ಅಂಬರೀಶ್ ಅವನ ಊರಿನವನೇ. ಹೊಸ ಪಾಲಿಹೌಸಿಗೆ ಬಿಳಿ ಪ್ಲಾಸ್ಟಿಕ್ ಹಾಳೆ ಎಳೆದು ಕಟ್ಟಿಸುತ್ತಿದ್ದ. ಒಳಗೆ ಹೆಂಗಸರು ಸಾಲು ಹಿಡಿದು ಸಸಿ ನೆಡುತ್ತಿದ್ದರು.

"ಬಾ ಅಣ್ಣಾ, ಒಳ್ಳೆ ಟೈಮಿಗೆ ಬಂದೆ," ಎಂದ ಅಂಬರೀಶ್. ಯತಿರಾಜ್ ಹೇಳಿದ್ದನ್ನೆಲ್ಲ ಕೇಳಿ ನಕ್ಕುಬಿಟ್ಟ. "ನಮ್ದು ಹೂವಣ್ಣಾ. ಕತ್ತರಿಸಿದ ಮೂರನೇ ದಿನಕ್ಕೆ ಅಲ್ಲಿ ಅಂಗಡೀಲಿರ್ಬೇಕು. ಅದನ್ನ ಯಾರು ತಡೀತಾರೆ? ಆ ಮೇಡಂ ನಮ್ ತೋಟಕ್ಕೂ ಬಂದಿದ್ರಲ್ಲ, ನೀನೇ ಕರ್ಕೊಂಡ್ ಬಂದಿದ್ದೆ. ಎಷ್ಟು ಚೆಂದಾಗಿ ವರದಿ ಬರ್ದವ್ರೆ!"

"ಆ ವರದಿ ಎಲ್ಲೈತೆ ಅಂಬರೀಶ?"

"ಅವ್ರ್ ಆಫೀಸ್ನಲ್ಲಿರ್ತದೆ. ನಮ್ಗೆಲ್ಲಿ ಪ್ರತಿ ಕೊಡ್ತಾರೆ?" ಅಂಬರೀಶ್ ಏನೋ ನೆನಪಾಗಿ ಜೇಬಿನಿಂದ ಫೋನ್ ತೆಗೆದ. "ಅಂದಂಗೆ, ಮೊನ್ನೆ ಅಲ್ಲಿಂದ್ಲೇ ಒಂದ್ ಮೇಲ್ ಬಂದೈತೆ. ಇಂಗ್ಲಿಷು. ನಂಗೊಸಿ ಓದಿ ಹೇಳು."

ಯತಿರಾಜ್ ಫೋನನ್ನು ಬಿಸಿಲಿಗೆ ಮರೆಯಾಗಿ ಹಿಡಿದು ಓದಿದ. ಮೂರೇ ಸಾಲು. ಎರಡು ಸಲ ದಯವಿಟ್ಟು ಎಂದಿತ್ತು. ನಿಮ್ಮ ತೋಟಕ್ಕೆ ಈ ಕಚೇರಿಯಿಂದ ಯಾರಾದರೂ ಭೇಟಿ ಕೊಟ್ಟಿದ್ದಲ್ಲಿ, ದಯವಿಟ್ಟು ಅದರ ವರದಿಯ ಪ್ರತಿಯನ್ನು ಹತ್ತು ದಿನದೊಳಗೆ ಕಳಿಸಿ. ಕೆಳಗೆ ಹಂಗಾಮಿ ಅಧಿಕಾರಿಯ ಹೆಸರು.

"ಏನಂತೆ?" ಎಂದ ಅಂಬರೀಶ್. ಮುಖದಲ್ಲಿ ಇನ್ನೂ ನಗು ಇತ್ತು.

"ನೆಡೋದನ್ನ ಸ್ವಲ್ಪ ನಿಲ್ಸೋಕೆ ಹೇಳು," ಎಂದ ಯತಿರಾಜ್. "ಕೂತ್ಕೊಂಡು ಮಾತಾಡ್ಬೇಕು."

ಅಂಬರೀಶ್ ಅವನ ಮುಖವನ್ನೊಮ್ಮೆ, ಫೋನನ್ನೊಮ್ಮೆ ನೋಡಿದ. ಆಮೇಲೆ ಪಾಲಿಹೌಸಿನ ಕಡೆ ತಿರುಗಿ, ಸಸಿ ನೆಡುತ್ತಿದ್ದ ಹೆಂಗಸರಿಗೆ ಕೈ ಎತ್ತಿ ನಿಲ್ಲಿಸುವಂತೆ ಹೇಳಿದ.